ಬಿಲ್ ರಸೆಲ್

ವಿಲಿಯಂ ಫೆಲ್ಟನ್ ರಸೆಲ್ (12 ಫೆಬ್ರುವರಿ 1934 – 31 ಜುಲೈ 2022) ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಆಟಗಾರ, ಕೋಚ್ ಹಾಗೂ ನಾಗರಿಕ ಹಕ್ಕುಗಳ ಹೋರಾಟಗಾರ. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ ಬಾಸ್ಟನ್ ಸೆಲ್ಟಿಕ್ಸ್ ತಂಡದ ಸೆಂಟರ್ (ಬ್ಯಾಸ್ಕೆಟ್ಟಿನ ಬಳಿ ಆಡುವ ಆಟಗಾರ) ಆಗಿ 1956ರಿಂದ 1969ರವರೆಗೆ ಆಡಿದ 13 ಋತುಗಳಲ್ಲಿ 11 ಬಾರಿ ಪ್ರಶಸ್ತಿ ಗೆದ್ದರು. ಇಷ್ಟು ಪ್ರಶಸ್ತಿ ಗೆದ್ದ ಮತ್ತೊಬ್ಬ ಆಟಗಾರ ಎನ್‌ಬಿಎ ಇತಿಹಾಸದಲ್ಲಿಲ್ಲ. ಹೆಚ್ಚು ಅಂಕ ಗಳಿಸಿದವರಿಗೇ ಹೆಸರು ಎಂಬಂತಿದ್ದ ಆಟದಲ್ಲಿ, ಎದುರಾಳಿಯ ಅಂಕವನ್ನು ತಡೆಯುವುದರಿಂದಲೂ ಪಂದ್ಯ ಗೆಲ್ಲಬಹುದೆಂದು ತೋರಿಸಿಕೊಟ್ಟವರು ಇವರು.

ಬಾಲ್ಯ ಮತ್ತು ವಿದ್ಯಾಭ್ಯಾಸ

ರಸೆಲ್ ಹುಟ್ಟಿದ್ದು ಲೂಯಿಸಿಯಾನ ರಾಜ್ಯದ ಮನ್ರೋ ಪ್ರದೇಶದಲ್ಲಿ. ತಂದೆ ಚಾರ್ಲ್ಸ್, ತಾಯಿ ಕೇಟಿ. ಕಪ್ಪುವರ್ಣೀಯರನ್ನು ಕಾನೂನಿನ ಬಲದಿಂದಲೇ ಬೇರೆಯಾಗಿಟ್ಟಿದ್ದ ಕಾಲವದು. ಒಮ್ಮೆ ಪೆಟ್ರೋಲ್ ಬಂಕಿನಲ್ಲಿ ಬಿಳಿಯ ಗಿರಾಕಿಗಳ ಸರದಿ ಮುಗಿಯುವವರೆಗೂ ಕಾಯಿಸಿದ್ದಕ್ಕೆ ಬೇಸತ್ತು ಹೊರಡಲು ಮುಂದಾದ ತಂದೆಯತ್ತ ಬಂಕಿನ ಕೆಲಸಗಾರ ಬಂದೂಕು ಗುರಿಯಿಟ್ಟಿದ್ದ. ಇಂಥ ಬದುಕಿನಿಂದ ತಪ್ಪಿಸಿಕೊಳ್ಳಲು ಕುಟುಂಬವು ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ಗೆ ವಲಸೆ ಹೋಯಿತು. ಬಿಲ್‌ಗೆ 12 ವರ್ಷವಾಗಿದ್ದಾಗ ತಾಯಿ ತೀರಿಕೊಂಡರು.

ಓಕ್ಲೆಂಡಿನ ಮೆಕ್ಲೈಮಂಡ್ಸ್ ಪ್ರೌಢಶಾಲೆಯಲ್ಲಿ ರಸೆಲ್ ಸಾಧಾರಣ ಆಟಗಾರ. ತಂಡದಲ್ಲಿ ಉಳಿಯುವುದೇ ಕಷ್ಟವೆನಿಸಿದ್ದಾಗ ಕೋಚ್ ಜಾರ್ಜ್ ಪೌಲ್ಸ್ ಕೈಬಿಡದೆ ತಿದ್ದಿದರು. ಶಾಲೆ ಮುಗಿದಾಗ ವಿದ್ಯಾರ್ಥಿವೇತನ ಕೊಡಲು ಮುಂದೆ ಬಂದದ್ದು ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾನಿಲಯ ಒಂದೇ. ತನ್ನದೇ ಆದ ಒಳಾಂಗಣ ಕ್ರೀಡಾಂಗಣವೂ ಇಲ್ಲದ ಆ ಸಣ್ಣ ಸಂಸ್ಥೆ, ಕೋಚ್ ಫಿಲ್ ವೂಲ್ಪರ್ಟ್ ಅವರ ತರಬೇತಿಯಲ್ಲಿ 1955 ಮತ್ತು 1956ರಲ್ಲಿ ರಾಷ್ಟ್ರೀಯ ಕಾಲೇಜು ಪ್ರಶಸ್ತಿ ಗೆದ್ದಿತು. ರಸೆಲ್ ಮತ್ತು ಕೆ.ಸಿ. ಜೋನ್ಸ್ ಅದರ ಆಧಾರಸ್ತಂಭಗಳಾಗಿದ್ದರು. ಕಾಲೇಜು ಪಂದ್ಯಗಳಲ್ಲಿ ರಸೆಲ್ ಸರಾಸರಿ 20.7 ಅಂಕ ಹಾಗೂ 20.3 ರಿಬೌಂಡ್ (ಗುರಿ ತಪ್ಪಿ ಪುಟಿದ ಚೆಂಡನ್ನು ಹಿಡಿಯುವುದು) ಪಡೆದರು. ಬ್ಯಾಸ್ಕೆಟ್ಟಿನ ಬಳಿ ಅವರ ಹಿಡಿತ ಎಷ್ಟು ಬಿಗಿಯಾಗಿತ್ತೆಂದರೆ, ಅದರ ಮುಂದಿನ ಫ್ರೀ ಥ್ರೋ ಪಟ್ಟಿಯ ಅಗಲವನ್ನು 6 ಅಡಿಯಿಂದ 12 ಅಡಿಗೆ ಹೆಚ್ಚಿಸಲು ಅವರ ಆಟವೂ ಒಂದು ಕಾರಣವಾಯಿತು. ಎತ್ತರ ಜಿಗಿತದಲ್ಲೂ ಅವರು ದೇಶದ ಮುಂಚೂಣಿಯ ಸ್ಪರ್ಧಿಗಳ ಸಾಲಿನಲ್ಲಿದ್ದರು.

1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಅಮೆರಿಕ ತಂಡ ಫೈನಲ್‌ನಲ್ಲಿ ಸೋವಿಯತ್ ಒಕ್ಕೂಟವನ್ನು 89–55ರಿಂದ ಸೋಲಿಸಿ ಚಿನ್ನ ಗೆದ್ದಾಗ ರಸೆಲ್ ಆ ತಂಡದಲ್ಲಿದ್ದರು.

ಸೆಲ್ಟಿಕ್ಸ್ ಸೇರ್ಪಡೆ

ಬಾಸ್ಟನ್ ಸೆಲ್ಟಿಕ್ಸ್ 1950ರ ದಶಕದ ಮೊದಲ ಭಾಗದಲ್ಲಿ ವೇಗವಾಗಿ ಅಂಕ ಗಳಿಸುತ್ತಿದ್ದ ತಂಡ. ಆದರೆ ಒಂದು ಪ್ರಶಸ್ತಿಯೂ ಅದಕ್ಕೆ ದಕ್ಕಿರಲಿಲ್ಲ. ಎದುರಾಳಿ ಗುರಿ ತಪ್ಪಿದಾಗ ಪುಟಿದ ಚೆಂಡನ್ನು ಕೈವಶ ಮಾಡಿಕೊಳ್ಳುವವರು ತಂಡಕ್ಕೆ ಬೇಕೆಂದು ಕೋಚ್ ರೆಡ್ ಔರ್‌ಬ್ಯಾಕ್ ಮನಗಂಡಿದ್ದರು. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ 1956ರ ಡ್ರಾಫ್ಟ್‌ನಲ್ಲಿ ಮೊದಲ ಸರದಿಯಿದ್ದ ರಾಚೆಸ್ಟರ್ ರಾಯಲ್ಸ್ ಬೇರೊಬ್ಬರನ್ನು ಆರಿಸಿತು. ಎರಡನೆಯ ಸರದಿಯ ಸೇಂಟ್ ಲೂಯಿಸ್ ಹಾಕ್ಸ್ ಜೊತೆ ಔರ್‌ಬ್ಯಾಕ್ ಮೊದಲೇ ಮಾತುಕತೆ ನಡೆಸಿ, ತಾರಾ ಆಟಗಾರ ಎಡ್ ಮೆಕಾಲೆ ಮತ್ತು ಕ್ಲಿಫ್ ಹೇಗನ್ ಅವರನ್ನು ಬಿಟ್ಟುಕೊಟ್ಟು ರಸೆಲ್ ಅವರನ್ನು ಪಡೆದರು. ಒಲಿಂಪಿಕ್ಸ್‌ನಿಂದಾಗಿ ರಸೆಲ್ ತಂಡ ಸೇರಿದ್ದು ಡಿಸೆಂಬರ್‌ನಲ್ಲಿ. ಅದೇ ಋತುವಿನ ಏಳು ಪಂದ್ಯಗಳ ಫೈನಲ್ ಸರಣಿಯಲ್ಲಿ ಸೆಲ್ಟಿಕ್ಸ್ ಹಾಕ್ಸ್ ತಂಡವನ್ನೇ ಎದುರಿಸಿ, ಎರಡು ಹೆಚ್ಚುವರಿ ಅವಧಿಗಳಿಗೆ ಎಳೆದ ಏಳನೆಯ ಪಂದ್ಯವನ್ನು 125–123ರಿಂದ ಗೆದ್ದು ತನ್ನ ಮೊದಲ ಪ್ರಶಸ್ತಿಗೆ ಪಾತ್ರವಾಯಿತು.

ಆಟದ ಶೈಲಿ

ಆಟಗಾರನ ಕಾಲು ನೆಲ ಬಿಡಬಾರದು ಎಂಬುದು ರಕ್ಷಣೆಯ ಬಗ್ಗೆ ಅಂದಿನ ಕೋಚ್‌ಗಳ ಪಾಠವಾಗಿತ್ತು. 6 ಅಡಿ 10 ಅಂಗುಲ ಎತ್ತರದ ರಸೆಲ್ ಇದನ್ನು ಮುರಿದು, ಎದುರಾಳಿ ಚೆಂಡು ಎಸೆಯುವ ಗಳಿಗೆಗೆ ಸರಿಯಾಗಿ ಜಿಗಿದು ಅದನ್ನು ತಡೆಯುತ್ತಿದ್ದರು. ತಡೆದ ಚೆಂಡನ್ನು ಪ್ರೇಕ್ಷಕರತ್ತ ರಭಸದಿಂದ ಬಡಿದಟ್ಟಿದರೆ ಚಪ್ಪಾಳೆ ಸಿಗುತ್ತದೆ, ಆದರೆ ಚೆಂಡು ಮತ್ತೆ ಎದುರಾಳಿಗೇ ಸೇರುತ್ತದೆ. ಆದ್ದರಿಂದ ರಸೆಲ್ ಚೆಂಡನ್ನು ಬೆರಳ ತುದಿಯಿಂದ ಮೆಲ್ಲಗೆ ತಟ್ಟಿ ಅಂಕಣದೊಳಗೇ ಉಳಿಸಿ ಸಹ ಆಟಗಾರನಿಗೆ ದಾಟಿಸುತ್ತಿದ್ದರು. ಚೆಂಡು ಸಹ ಆಟಗಾರ ಬಾಬ್ ಕೌಸಿ ಕೈ ಸೇರಿದೊಡನೆ ತಂಡ ಇನ್ನೊಂದು ತುದಿಗೆ ಓಡುತ್ತಿತ್ತು. ಹೀಗೆ ತಂಡದ ದಾಳಿ ಶುರುವಾಗುತ್ತಿದ್ದುದೇ ರಸೆಲ್ ಅವರ ರಕ್ಷಣೆಯಿಂದ. ಎಸೆದ ಚೆಂಡನ್ನು ತಡೆಯುವ ಬ್ಲಾಕ್‌ಗಳನ್ನು ಆಗ ಅಧಿಕೃತವಾಗಿ ಲೆಕ್ಕ ಇಡುತ್ತಿರಲಿಲ್ಲವಾದ್ದರಿಂದ ಅವರ ಆಟದ ಅತಿ ಮುಖ್ಯ ಭಾಗ ದಾಖಲೆ ಪುಸ್ತಕದಲ್ಲಿಲ್ಲ.

ದಾಖಲಾದದ್ದೂ ಕಡಿಮೆಯೇನಲ್ಲ. ವೃತ್ತಿಜೀವನದಲ್ಲಿ ಪಡೆದ ರಿಬೌಂಡ್‌ಗಳು 21,620, ಅಂದರೆ ಪಂದ್ಯಕ್ಕೆ ಸರಾಸರಿ 22.5. ಸರಾಸರಿ ಅಂಕ 15.1. ಐದು ಬಾರಿ (1958, 1961, 1962, 1963, 1965) ಲೀಗಿನ ಅತ್ಯುತ್ತಮ ಆಟಗಾರ ಪ್ರಶಸ್ತಿ ಬಂತು. 12 ಬಾರಿ ಆಲ್‌ಸ್ಟಾರ್ ತಂಡಕ್ಕೆ ಆಯ್ಕೆಯಾದರು.

ಗೆಲುವಿನ ವರ್ಷಗಳು

1958ರ ಫೈನಲ್‌ನಲ್ಲಿ ರಸೆಲ್ ಕಣಕಾಲಿಗೆ ಪೆಟ್ಟಾಗಿ, ಪ್ರಶಸ್ತಿ ಹಾಕ್ಸ್ ಪಾಲಾಯಿತು. ಮರುವರ್ಷದಿಂದ 1966ರವರೆಗೆ ಸತತ ಎಂಟು ವರ್ಷ ಸೆಲ್ಟಿಕ್ಸ್ ಪ್ರಶಸ್ತಿಯನ್ನು ಬಿಟ್ಟುಕೊಡಲಿಲ್ಲ. ಸರಣಿ ನಿರ್ಣಾಯಕ ಏಳನೆಯ ಪಂದ್ಯಕ್ಕೆ ಎಳೆದಾಗಲೆಲ್ಲ, ಒಟ್ಟು ಹತ್ತು ಸಲ, ರಸೆಲ್ ಆಡಿದ ತಂಡವೇ ಗೆದ್ದಿದೆ.

ಇವುಗಳಲ್ಲಿ 1962ರ ಫೈನಲ್ ಮುಖ್ಯವಾದುದು. ಲಾಸ್ ಏಂಜಲೀಸ್ ಲೇಕರ್ಸ್ ವಿರುದ್ಧದ ಏಳನೆಯ ಪಂದ್ಯದ ಕೊನೆಯ ಕ್ಷಣಗಳಲ್ಲಿ ಸ್ಕೋರು 100–100. ಲೇಕರ್ಸ್‌ನ ಫ್ರ್ಯಾಂಕ್ ಸೆಲ್ವಿ ಎಸೆದ ಚೆಂಡು ರಿಮ್ಮಿಗೆ ಬಡಿದು ಹೊರಬಿತ್ತು. ಅದನ್ನು ರಸೆಲ್ ಹಿಡಿದುಕೊಂಡರು. ಹೆಚ್ಚುವರಿ ಅವಧಿಯಲ್ಲಿ ಸೆಲ್ಟಿಕ್ಸ್ 110–107ರಿಂದ ಗೆದ್ದಿತು. ಆ ಪಂದ್ಯದಲ್ಲಿ ರಸೆಲ್ ಗಳಿಸಿದ್ದು 30 ಅಂಕ, 40 ರಿಬೌಂಡ್.

ಎದುರಾಳಿ ತಂಡಗಳ ಸೆಂಟರ್ ವಿಲ್ಟ್ ಚೇಂಬರ್ಲಿನ್ ಜೊತೆಗಿನ ಸ್ಪರ್ಧೆ ಆ ಕಾಲದ ದೊಡ್ಡ ಆಕರ್ಷಣೆ. ಎತ್ತರದಲ್ಲೂ ಅಂಕ ಗಳಿಕೆಯಲ್ಲೂ ಚೇಂಬರ್ಲಿನ್ ಮುಂದಿದ್ದರು. ಆದರೆ ಇಬ್ಬರ ತಂಡಗಳು ಎದುರಾದ ಎಂಟು ಪ್ಲೇಆಫ್ (ಋತುವಿನ ಕೊನೆಯ ನಾಕೌಟ್ ಹಂತ) ಸರಣಿಗಳಲ್ಲಿ ಏಳನ್ನು ಬಾಸ್ಟನ್ ಗೆದ್ದಿತು. ಅಂಕಣದ ಹೊರಗೆ ಇವರು ಒಬ್ಬರ ಮನೆಯಲ್ಲಿ ಇನ್ನೊಬ್ಬರು ಊಟ ಮಾಡುವಷ್ಟು ಗೆಳೆಯರಾಗಿದ್ದರು. 1969ರ ಫೈನಲ್‌ನ ಕೊನೆಯ ಪಂದ್ಯದಲ್ಲಿ ಮಂಡಿ ನೋವಿನಿಂದ ಹೊರನಡೆದ ಚೇಂಬರ್ಲಿನ್ ಬಗ್ಗೆ ರಸೆಲ್ ಆಡಿದ ಕಟುಮಾತಿನಿಂದ ಎರಡು ದಶಕಗಳ ಕಾಲ ಮಾತುಕತೆ ನಿಂತಿತ್ತು. ಕೊನೆಗೆ ರಸೆಲ್ ಕ್ಷಮೆ ಕೇಳಿದ ಮೇಲೆ ಸ್ನೇಹ ಮತ್ತೆ ಚಿಗುರಿತು.

ಆಟಗಾರ ಮತ್ತು ಕೋಚ್

1966ರಲ್ಲಿ ಔರ್‌ಬ್ಯಾಕ್ ಕೋಚ್ ಹುದ್ದೆ ಬಿಟ್ಟಾಗ ಅದನ್ನು ರಸೆಲ್‌ಗೆ ವಹಿಸಿದರು. ಎನ್‌ಬಿಎಯಲ್ಲಿ ಮುಖ್ಯ ಕೋಚ್ ಆದ ಮೊದಲ ಕಪ್ಪುವರ್ಣೀಯ ಅವರು. ಆಟಗಾರನಾಗಿಯೂ ಮುಂದುವರಿದ ಅವರು ಮೊದಲ ವರ್ಷ ಚೇಂಬರ್ಲಿನ್ ಇದ್ದ ಫಿಲಡೆಲ್ಫಿಯ ತಂಡದೆದುರು ಸೋತರು. 1968ರಲ್ಲಿ ಅದೇ ತಂಡದ ವಿರುದ್ಧ 1–3ರ ಹಿನ್ನಡೆಯಿಂದ ಚೇತರಿಸಿಕೊಂಡು ಸರಣಿ ಗೆದ್ದು, ಮುಂದೆ ಪ್ರಶಸ್ತಿಯನ್ನೂ ಪಡೆದರು. 1969ರಲ್ಲಿ ವಯಸ್ಸಾದ ಸೆಲ್ಟಿಕ್ಸ್ ತನ್ನ ವಿಭಾಗದಲ್ಲಿ ನಾಲ್ಕನೆಯ ಸ್ಥಾನದಲ್ಲಿತ್ತು. ಆದರೂ ಚೇಂಬರ್ಲಿನ್, ಜೆರ್ರಿ ವೆಸ್ಟ್, ಎಲ್ಜಿನ್ ಬೇಲರ್ ಮೂವರು ತಾರೆಯರೂ ಇದ್ದ ಲೇಕರ್ಸ್ ತಂಡವನ್ನು ಅದರ ಊರಿನಲ್ಲೇ ನಡೆದ ಏಳನೆಯ ಪಂದ್ಯದಲ್ಲಿ 108–106ರಿಂದ ಸೋಲಿಸಿತು. ಆ ಗೆಲುವಿನೊಂದಿಗೆ ರಸೆಲ್ ನಿವೃತ್ತರಾದರು.

ನಂತರ ಸಿಯಾಟಲ್ ಸೂಪರ್‌ಸಾನಿಕ್ಸ್ (1973–77) ತಂಡದ ಕೋಚ್ ಆಗಿ ಅದನ್ನು 1975ರಲ್ಲಿ ಮೊದಲ ಬಾರಿಗೆ ಪ್ಲೇಆಫ್‌ಗೆ ತಲುಪಿಸಿದರು. ಸ್ಯಾಕ್ರಮೆಂಟೊ ಕಿಂಗ್ಸ್ (1987–88) ತಂಡದಲ್ಲಿ ಯಶಸ್ಸು ಕಾಣಲಿಲ್ಲ. ಟಿವಿ ವೀಕ್ಷಕ ವಿವರಣೆಗಾರರಾಗಿಯೂ ಕೆಲಸ ಮಾಡಿದರು.

ನಾಗರಿಕ ಹಕ್ಕುಗಳ ಹೋರಾಟ

1961ರಲ್ಲಿ ಪ್ರದರ್ಶನ ಪಂದ್ಯಕ್ಕೆಂದು ಕೆಂಟಕಿಯ ಲೆಕ್ಸಿಂಗ್ಟನ್‌ಗೆ ಹೋಗಿದ್ದಾಗ, ತಂಗಿದ್ದ ಹೋಟೆಲಿನಲ್ಲಿ ಕಪ್ಪುವರ್ಣೀಯ ಆಟಗಾರರಿಗೆ ಊಟ ಕೊಡಲು ನಿರಾಕರಿಸಲಾಯಿತು. ರಸೆಲ್ ಮತ್ತು ಸಂಗಡಿಗರು ಪಂದ್ಯ ಆಡದೆ ಹಿಂದಿರುಗಿದರು. 1963ರಲ್ಲಿ ಮಿಸಿಸಿಪ್ಪಿಯ ಹೋರಾಟಗಾರ ಮೆಡ್ಗರ್ ಎವರ್ಸ್ ಕೊಲೆಯಾದ ಬಳಿಕ, ಜೀವಬೆದರಿಕೆಯ ನಡುವೆಯೂ ಜಾಕ್ಸನ್ ನಗರಕ್ಕೆ ಹೋಗಿ ಕಪ್ಪು, ಬಿಳಿಯ ಮಕ್ಕಳನ್ನು ಒಟ್ಟಿಗೆ ಸೇರಿಸಿ ಬ್ಯಾಸ್ಕೆಟ್‌ಬಾಲ್ ಶಿಬಿರ ನಡೆಸಿದರು. ನಾಗರಿಕ ಹಕ್ಕುಗಳಿಗಾಗಿ ಅದೇ ವರ್ಷ ನಡೆದ ವಾಷಿಂಗ್ಟನ್ ಮೆರವಣಿಗೆಯಲ್ಲಿ ಭಾಗವಹಿಸಿದರು. ವಿಯೆಟ್ನಾಂ ಯುದ್ಧಕ್ಕಾಗಿ ಸೇನೆ ಸೇರಲು ಒಪ್ಪದ ಬಾಕ್ಸರ್ ಮುಹಮ್ಮದ್ ಅಲಿಯನ್ನು ಬೆಂಬಲಿಸಿ 1967ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಸೇರಿದ ಕ್ರೀಡಾಪಟುಗಳಲ್ಲಿ ಅವರೂ ಒಬ್ಬರು.

ಬಾಸ್ಟನ್ನಿಗೆ ಪ್ರಶಸ್ತಿಗಳ ಮೇಲೆ ಪ್ರಶಸ್ತಿ ತಂದುಕೊಟ್ಟ ಆಟಗಾರನಿಗೆ ಅಲ್ಲಿ ನೆಮ್ಮದಿಯ ಬಾಳು ಸಿಗಲಿಲ್ಲ. ಹತ್ತಿರದ ರೆಡಿಂಗ್ ಪಟ್ಟಣದಲ್ಲಿದ್ದ ಅವರ ಮನೆಗೆ ನುಗ್ಗಿದ ದುಷ್ಕರ್ಮಿಗಳು ಗೋಡೆಗಳ ಮೇಲೆ ಜನಾಂಗೀಯ ನಿಂದನೆ ಬರೆದು, ಟ್ರೋಫಿಗಳನ್ನು ಒಡೆದು ಹಾಸಿಗೆಯನ್ನು ಹೊಲಸು ಮಾಡಿದರು. ಹೀಗಾಗಿ ಆ ನಗರದೊಂದಿಗೆ ಅವರ ಸಂಬಂಧ ಬಹುಕಾಲ ಕಹಿಯಾಗಿಯೇ ಉಳಿಯಿತು. 1972ರಲ್ಲಿ ಅವರ 6ನೇ ಸಂಖ್ಯೆಯ ಅಂಗಿಗೆ ಸೆಲ್ಟಿಕ್ಸ್ ಗೌರವ ಸಲ್ಲಿಸಿದ ಸಮಾರಂಭವೂ ಅವರ ಇಚ್ಛೆಯಂತೆ ಪ್ರೇಕ್ಷಕರಿಲ್ಲದೆ ನಡೆಯಿತು.

ಗೌರವಗಳು

1975ರಲ್ಲಿ ಬ್ಯಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದರೂ ರಸೆಲ್ ಸಮಾರಂಭಕ್ಕೆ ಹೋಗಲಿಲ್ಲ. ತನಗಿಂತ ಮೊದಲು ಬೇರೆ ಕಪ್ಪುವರ್ಣೀಯ ಆಟಗಾರರಿಗೆ ಆ ಮನ್ನಣೆ ಸಲ್ಲಬೇಕಿತ್ತು ಎಂಬುದು ಅವರ ನಿಲುವು. 1950ರಲ್ಲಿ ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲ ಕಪ್ಪುವರ್ಣೀಯ ಚಕ್ ಕೂಪರ್ ಅವರಿಗೆ 2019ರಲ್ಲಿ ಮರಣೋತ್ತರವಾಗಿ ಆ ಗೌರವ ಸಂದ ಮೇಲಷ್ಟೇ ರಸೆಲ್ ತಮ್ಮ ಹಾಲ್ ಆಫ್ ಫೇಮ್ ಉಂಗುರವನ್ನು ಸ್ವೀಕರಿಸಿದರು. 2021ರಲ್ಲಿ ಕೋಚ್ ಆಗಿಯೂ ಅಲ್ಲಿ ಸ್ಥಾನ ಪಡೆದರು. ಎನ್‌ಬಿಎ ಫೈನಲ್ಸ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿಗೆ 2009ರಿಂದ ಅವರ ಹೆಸರಿದೆ. 2011ರಲ್ಲಿ ಅಧ್ಯಕ್ಷ ಬರಾಕ್ ಒಬಾಮ ರಸೆಲ್ ಅವರಿಗೆ ದೇಶದ ಅತ್ಯುನ್ನತ ನಾಗರಿಕ ಗೌರವವಾದ ಅಧ್ಯಕ್ಷೀಯ ಸ್ವಾತಂತ್ರ್ಯ ಪದಕ ಪ್ರದಾನ ಮಾಡಿದರು. 2013ರಲ್ಲಿ ಬಾಸ್ಟನ್ ನಗರ ಸಭಾಭವನದ ಮುಂದೆ ಅವರ ಪ್ರತಿಮೆ ಸ್ಥಾಪನೆಯಾಯಿತು.

ರಸೆಲ್ ವಾಷಿಂಗ್ಟನ್ ರಾಜ್ಯದ ಮರ್ಸರ್ ಐಲ್ಯಾಂಡ್‌ನಲ್ಲಿ ತಮ್ಮ 88ನೆಯ ವಯಸ್ಸಿನಲ್ಲಿ ನಿಧನರಾದರು. ಮರುತಿಂಗಳು ಎನ್‌ಬಿಎ ಅವರ 6ನೇ ಸಂಖ್ಯೆಯನ್ನು ಇನ್ನು ಮುಂದೆ ಯಾವ ತಂಡದಲ್ಲೂ ಹೊಸ ಆಟಗಾರರಿಗೆ ಕೊಡುವುದಿಲ್ಲವೆಂದು ಪ್ರಕಟಿಸಿತು. ಲೀಗಿನ ಎಲ್ಲ ತಂಡಗಳೂ ಒಬ್ಬ ಆಟಗಾರನ ಸಂಖ್ಯೆಯನ್ನು ಹೀಗೆ ಮೀಸಲಿಟ್ಟದ್ದು ಅದೇ ಮೊದಲು.