ಅಗಸಿಯಿಂದ ಗೋಡೆಯ ಕ್ಯಾಮೆರಾದವರೆಗೆ: ಶಿರೂರು ಸೀಮೆಯ ಮನೆಗಾವಲು

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ನಡುವಿನ ಶಿರೂರು ಸೀಮೆಯಲ್ಲಿ ಮನೆಗಾವಲು ಎಂದರೆ ಬಹುಕಾಲ ಊರಗಾವಲೇ ಆಗಿತ್ತು. ಸ್ವಂತ ಕಾವಲುಗಾರರು ಇರುತ್ತಿದ್ದುದು ದೇಸಾಯಿ, ಗೌಡರ ವಾಡೆಗಳಲ್ಲಿ ಮಾತ್ರ. ಉಳಿದವರನ್ನು ಕಾಯುತ್ತಿದ್ದುದು ಊರ ಸುತ್ತಲಿನ ಮಣ್ಣು-ಕಲ್ಲಿನ ಗೋಡೆ ಮತ್ತು ಅದರ ಅಗಸಿ. ಕತ್ತಲಾದ ಮೇಲೆ ಅಗಸಿಯ ಕದ ಮುಚ್ಚಿದರೆ ಒಳಗಿನ ಎಲ್ಲ ಮನೆಗಳಿಗೂ ಒಂದೇ ಕೀಲಿ ಜಡಿದಂತೆ.

ಈ ಕ್ರಮದ ಬೇರು ಹಳೆಯದು. ಚಾಲುಕ್ಯ ಅರಸ ಒಂದನೆಯ ಪುಲಕೇಶಿ ವಾತಾಪಿಯ, ಅಂದರೆ ಇಂದಿನ ಬಾದಾಮಿಯ, ಗುಡ್ಡವನ್ನು ಕೋಟೆಯಾಗಿ ಕಟ್ಟಿಸಿದ್ದನ್ನು ಕ್ರಿ.ಶ. 543ರ ಬಾದಾಮಿ ಬಂಡೆಗಲ್ಲು ಶಾಸನ ಹೇಳುತ್ತದೆ. ಅರಸನ ಕೋಟೆ ರಾಜಧಾನಿಗೆ. ಹಳ್ಳಿಗಳ ಆಸ್ತಿಯೆಂದರೆ ದನ ಮತ್ತು ಕಾಳು. ದನಗಳ್ಳರನ್ನು ತಡೆಯುತ್ತ ಸತ್ತವರಿಗೆ ನಿಲ್ಲಿಸಿದ ವೀರಗಲ್ಲುಗಳು ಕರ್ನಾಟಕದುದ್ದಕ್ಕೂ ಸಿಗುತ್ತವೆ. ಶಾಸನಗಳಲ್ಲಿ ತುರುಗೊಳ್ ಎಂದು ಕರೆಸಿಕೊಂಡ ಆ ಕಾಳಗಗಳಲ್ಲಿ ಹೋರಾಡಿದವರು ತಮ್ಮ ಹೊಸ್ತಿಲಿಗಾಗಿ ಅಲ್ಲ, ಊರಿಗಾಗಿ ಸತ್ತವರು.

ಹದಿನೆಂಟನೆಯ ಶತಮಾನದಲ್ಲಿ ಈ ಪ್ರದೇಶ ಮರಾಠರು, ನಿಜಾಮ, ಮೈಸೂರಿನ ಹೈದರ್-ಟಿಪ್ಪು ಇವರೆಲ್ಲರ ಸೇನೆಗಳ ಹಾದಿಗೆ ಸಿಕ್ಕಿತು. ಸೇನೆಗಳ ಬೆನ್ನಿಗೇ ಲೂಟಿಕೋರ ಪಿಂಡಾರಿಗಳ ಕುದುರೆದಂಡು. ಆ ಕಾಲದ ಭಯವನ್ನು ಇಂದಿಗೂ ಕಣ್ಣಿಗೆ ತೋರಿಸುವ ಕಟ್ಟಡ ಹುಡೇವು. ಬುಡದಲ್ಲಿ ಅಗಲವಾಗಿ, ಮೇಲೆ ಹೋದಂತೆ ಕಿರಿದಾಗುವ ಈ ದುಂಡನೆಯ ಬುರುಜು ವಿಜಯಪುರ, ಬಾಗಲಕೋಟೆ, ಗದಗ, ಧಾರವಾಡ ಭಾಗದ ಹಲವು ಹಳ್ಳಿಗಳಲ್ಲಿ ಅರೆಬಿದ್ದ ಸ್ಥಿತಿಯಲ್ಲಿ ಉಳಿದಿದೆ. ಎರೆಭೂಮಿಯ ಬಯಲಿನಲ್ಲಿ ಮರ ಕಡಿಮೆ. ಮೇಲೇರಿದವನಿಗೆ ದೂರದ ಕುದುರೆಗಳ ಧೂಳು ಮುಂಚಿತವಾಗಿ ಕಾಣುತ್ತಿತ್ತು; ಅವನು ಕೂಗಿದರೆ ಹೊಲದಲ್ಲಿದ್ದವರು ಒಳಗೆ ಓಡಿಬರಲು ಸಮಯ ಸಿಗುತ್ತಿತ್ತು. ಗೋಡೆಯ ಕಿಂಡಿಗಳಿಂದ ಬಂದೂಕು ಹಾರಿಸಬಹುದಿತ್ತು. 1818ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಥಾಮಸ್ ಮನ್ರೋ ಬಾದಾಮಿ ಕೋಟೆಯನ್ನು ಗೆದ್ದು, ಅದೇ ಹೊತ್ತಿಗೆ ಪಿಂಡಾರಿಗಳೂ ಅಡಗಿದ ಮೇಲೆ ಹುಡೇವಿನ ಕೆಲಸ ಮುಗಿಯಿತು. ಬಿದ್ದ ಕಲ್ಲುಗಳು ಮನೆಗಳ ಪಾಯಕ್ಕೆ ಹೋದವು. ಊರಿನ ಇತಿಹಾಸವನ್ನು ಇಷ್ಟು ಸ್ಪಷ್ಟವಾಗಿ ಹೇಳುವ ಕಟ್ಟಡಕ್ಕೆ ಇದಕ್ಕಿಂತ ಹೆಚ್ಚಿನ ಗೌರವ ಸಲ್ಲಬೇಕಿತ್ತು.

ಗೋಡೆ, ಬುರುಜುಗಳಷ್ಟೇ ಮುಖ್ಯನಾದವನು ತಳವಾರ. ಅನೇಕ ಊರುಗಳಲ್ಲಿ ಬೇಡ ಸಮುದಾಯದವರು ಈ ಹೊಣೆ ಹೊತ್ತಿದ್ದರು. ರಾತ್ರಿ ಗಸ್ತು, ಚಾವಡಿಯಲ್ಲಿ ತಂಗಿದ ಪರಊರಿನವರ ಸುದ್ದಿಯನ್ನು ಗೌಡನಿಗೆ ಮುಟ್ಟಿಸುವುದು, ಕಳವಾದರೆ ಹೆಜ್ಜೆಗುರುತು ಹಿಡಿದು ಹೋಗುವುದು ಅವನ ಕೆಲಸ. ದಖ್ಖನಿನ ಹಳ್ಳಿಗಳ ಪದ್ಧತಿಯಂತೆ ಕಳ್ಳನ ಹೆಜ್ಜೆ ಪಕ್ಕದೂರಿನ ಸೀಮೆ ದಾಟಿದರೆ ಅದನ್ನು ಮುಂದುವರಿಸುವ ಹೊಣೆ ಆ ಊರಿನ ಕಾವಲುಗಾರನದು. ಇದಕ್ಕೆಲ್ಲ ಪ್ರತಿಫಲ ಇನಾಮು ಭೂಮಿ ಮತ್ತು ಸುಗ್ಗಿಯಲ್ಲಿ ಕಣದಿಂದ ಬರುವ ಆಯ.

ಈ ಏರ್ಪಾಡು ಸಡಿಲಗೊಂಡದ್ದು ಹಂತಹಂತವಾಗಿ. 1857ರ ನಿಶ್ಶಸ್ತ್ರೀಕರಣ ಕಾಯ್ದೆ ಆಯುಧ ಒಪ್ಪಿಸಲು ಹೇಳಿದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ದಂಗೆಯೆದ್ದರು. ಬ್ರಿಟಿಷ್ ಸೇನೆ ಊರನ್ನೇ ಸುಟ್ಟಿತು. ಆಯುಧವೆಂದರೆ ಬದುಕೂ ಮಾನವೂ ಆಗಿದ್ದ ಜನರಿಗೆ ಅದು ಸಣ್ಣ ಆಜ್ಞೆಯಲ್ಲ. ಬಳಿಕ 1867ರ ಮುಂಬಯಿ ಗ್ರಾಮ ಪೊಲೀಸ್ ಕಾಯ್ದೆ ಊರ ಕಾವಲನ್ನು ಪೊಲೀಸ್ ಪಾಟೀಲನ ಕೈಕೆಳಗಿಟ್ಟು ಸರಕಾರದ ಅಂಗವಾಗಿಸಿತು. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ 1963ರ ಫೆಬ್ರುವರಿ 1ರಿಂದ ಜಾರಿಗೆ ಬಂದಾಗ ವಂಶಪಾರಂಪರ್ಯದ ಹುದ್ದೆಗಳೇ ಕೊನೆಗೊಂಡವು.

ಮನೆಯ ಕಟ್ಟಡವೂ ಕಾವಲಿನ ಲೆಕ್ಕದಲ್ಲೇ ಎದ್ದಿತ್ತು. ಎರಡು-ಮೂರು ಅಡಿ ದಪ್ಪದ ಕಲ್ಲು-ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮೇಲ್ಮುದ್ದೆ, ಬೀದಿಗೆ ಕಿಟಕಿಯಿಲ್ಲ, ಬೆಳಕು ಮಾಳಿಗೆಯ ಬೆಳಕಿಂಡಿಯಿಂದ. ತಲೆಬಾಗಿಲು ದಾಟಿದರೆ ಗೋದಲಿಯ ಮುಂದೆ ಎತ್ತುಗಳು. ಕಾಳು ನೆಲದೊಳಗಿನ ಹಗೇವಿನಲ್ಲಿ. ಅಕ್ಕಪಕ್ಕದ ಮನೆಗಳಿಗೆ ಗೋಡೆ ಒಂದೇ ಆದ್ದರಿಂದ ಕಳ್ಳನಿಗೆ ಸಿಗುತ್ತಿದ್ದುದು ಹಿತ್ತಿಲ ಗೋಡೆ ಮಾತ್ರ. ಅಲ್ಲಿ ಅವನು ಸದ್ದಿಲ್ಲದೆ ಮಣ್ಣು ಕೆದರಿ ಕನ್ನ ಕೊರೆಯುತ್ತಿದ್ದ. ಇದು ಎಷ್ಟು ಸಾಮಾನ್ಯವಾಗಿತ್ತೆಂದರೆ 1860ರ ಭಾರತೀಯ ದಂಡ ಸಂಹಿತೆಯ 445ನೆಯ ಕಲಮು ಮನೆ ಒಡೆಯುವುದಕ್ಕೆ ಕೊಡುತ್ತಿದ್ದ ಮೊದಲ ಉದಾಹರಣೆಯೇ ಗೋಡೆಗೆ ತೂತು ಮಾಡಿ ಕೈ ತೂರಿಸುವುದು.

ಮರಳುಗಲ್ಲಿನ ಈ ನಾಡಿನಲ್ಲಿ ಇಟ್ಟಿಗೆ, ಸಿಮೆಂಟು, ಆರ್‌ಸಿಸಿ ಮನೆಗಳು ವ್ಯಾಪಕವಾದದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಆಲಮಟ್ಟಿ ಹಿನ್ನೀರಿಗೆ ಹಳೆ ಬಾಗಲಕೋಟೆಯ ಭಾಗಗಳೂ ನದಿದಂಡೆಯ ಹಳ್ಳಿಗಳೂ ಮುಳುಗಿದಾಗ ನವನಗರವೂ ಪುನರ್ವಸತಿ ಕೇಂದ್ರಗಳೂ ಎದ್ದವು. ಇಲ್ಲಿ ಮನೆ ತನ್ನ ನಿವೇಶನದಲ್ಲಿ ಒಂಟಿ. ನಾಲ್ಕೂ ಕಡೆ ಜಾಗ, ಕಿಟಕಿ, ಕಾಂಪೌಂಡು. ಕನ್ನ ಕೊರೆಯುವುದು ಕಷ್ಟವಾಯಿತು, ಆದರೆ ಕಾಯಬೇಕಾದ ಬದಿಗಳು ಹೆಚ್ಚಿದವು. ಕ್ಯಾಮೆರಾಕ್ಕೆ ಜಾಗ ಮಾಡಿಕೊಟ್ಟದ್ದು ಈ ಬದಲಾವಣೆ.

ಕಾವಲು ಕ್ಯಾಮೆರಾದ ಕತೆ ಬೇರೆಡೆ ಹುಟ್ಟಿತು. 1942ರಲ್ಲಿ ಜರ್ಮನಿಯ ಪೇನೆಮುಂಡೆಯಲ್ಲಿ ರಾಕೆಟ್ ಉಡಾವಣೆಯನ್ನು ದೂರದಿಂದ ನೋಡಲು ಅದನ್ನು ಬಳಸಿದರು. ಮನೆಗೆ ತಂದವಳು ನ್ಯೂಯಾರ್ಕಿನ ನರ್ಸ್ ಮೇರಿ ವ್ಯಾನ್ ಬ್ರಿಟನ್ ಬ್ರೌನ್. 1966ರಲ್ಲಿ ಅರ್ಜಿ ಹಾಕಿ 1969ರಲ್ಲಿ ಪೇಟೆಂಟ್ ಪಡೆದಳು. ಕ್ಯಾಮೆರಾವನ್ನು ಗೋಡೆಗೆ ಬಿಗಿಯುವ ಉಪಾಯ ಇನ್ನೂ ಹಳೆಯದು. ಮೊದಲು ಗೋಡೆ ಒಡೆದು ಮರದ ಗೂಟ ಹುಗಿಯುತ್ತಿದ್ದರು. ಲಂಡನ್ನಿನ ಜಾನ್ ರಾಲಿಂಗ್ಸ್ ಬ್ರಿಟಿಷ್ ಮ್ಯೂಸಿಯಂ ಗೋಡೆಗಳು ಕೆಡದಂತೆ ವಿದ್ಯುತ್ ಸಾಧನ ಕೂರಿಸಲು 1911ರಲ್ಲಿ ನಾರಿನ ಪ್ಲಗ್ ರೂಪಿಸಿದ. ಇಂದಿನ ಪ್ಲಾಸ್ಟಿಕ್ ಪ್ಲಗ್ ಅದರ ಸಂತತಿ.

ಗಿಲಾವು ಮಾಡಿದ ಇಟ್ಟಿಗೆ ಗೋಡೆಯಲ್ಲಿ ಇಟ್ಟಿಗೆ ಎಲ್ಲಿ, ಸಂದು ಎಲ್ಲಿ ಎಂದು ಹೊರಗೆ ಕಾಣದು. ಹ್ಯಾಮರ್ ಡ್ರಿಲ್ಲಿನಿಂದ ಕೆಂಪು ಪುಡಿ ಉದುರಿದರೆ ಇಟ್ಟಿಗೆ, ಬೂದುಪುಡಿಯೇ ಬರುತ್ತಿದ್ದರೆ ಗಾರೆಯ ಸಂದು. ಪ್ಲಗ್ ಗಟ್ಟಿಯಾಗಿ ಕೂರುವುದು ಇಟ್ಟಿಗೆಯಲ್ಲಿ. ಹಳೆಯ ಮಣ್ಣಿನ ಗೋಡೆ ಪ್ಲಗ್ ಹಿಡಿಯದು, ಅಲ್ಲಿ ಬಾಗಿಲ ಚೌಕಟ್ಟು ಅಥವಾ ತೊಲೆಗೇ ಬಿಗಿಯಬೇಕು. ತಂತಿಯ ತೂತು ಒಳಗಿನಿಂದ ಹೊರಕ್ಕೆ ಇಳಿಜಾರಾಗಿರಬೇಕು, ತಂತಿ ಒಳಹೋಗುವ ಮುನ್ನ ಕೆಳಗೆ ಬಾಗಿರಬೇಕು; ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಎಂಟು-ಹತ್ತು ಅಡಿ ಎತ್ತರ ಸಾಕು: ಕೈಗೆ ಎಟುಕದು, ಮುಖವೂ ಕಾಣುತ್ತದೆ. ಇನ್ನೂ ಮೇಲೆ ಹೋದರೆ ತಲೆಯಷ್ಟೇ ದಾಖಲಾಗುತ್ತದೆ. ಸಂಜೆಯ ಬಿಸಿಲು ನೇರ ಬೀಳುವ ಪಡುವಣ ದಿಕ್ಕು ಲೆನ್ಸಿಗೆ ಕೆಟ್ಟದ್ದು. ಸಜ್ಜಾದ ಕೆಳಗೆ ಬಿಸಿಲೂ ಮಳೆಯೂ ಕಡಿಮೆ. ಧೂಳಿನ ಈ ಸೀಮೆಯಲ್ಲಿ ಗಾಜನ್ನು ಆಗಾಗ ಒರೆಸಲೇಬೇಕು. ಚಿತ್ರ ಉಳಿಯುವುದು ಡಿವಿಆರ್‌ನಲ್ಲಾದ್ದರಿಂದ ಅದನ್ನು ಟಿವಿಯ ಪಕ್ಕದಲ್ಲಿಡದೆ ಕೀಲಿ ಹಾಕುವ ಕಪಾಟಿನಲ್ಲಿಡಬೇಕು, ಕರೆಂಟು ಹೋದಾಗಲೂ ನಡೆಯಲು ಇನ್ವರ್ಟರಿಗೆ ಸೇರಿಸಬೇಕು.

ಕಾನೂನು ಈ ಹೊಸ ಕಾವಲನ್ನು ಎರಡು ಬಗೆಯಾಗಿ ನೋಡುತ್ತದೆ. ಒಮ್ಮೆಗೆ 100 ಅಥವಾ ದಿನಕ್ಕೆ 500 ಜನ ಸೇರಬಹುದಾದ ಸ್ಥಳಗಳಲ್ಲಿ ಕ್ಯಾಮೆರಾ ಇರಬೇಕು, ದೃಶ್ಯಗಳನ್ನು 30 ದಿನ ಕಾಯ್ದಿಡಬೇಕು ಎನ್ನುವುದು ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ. ವಾಸದ ಮನೆಗೆ ಆ ಕಡ್ಡಾಯವಿಲ್ಲ. ಆದರೆ ಮನೆಯ ದೃಶ್ಯ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ನಿಲ್ಲಲು, ಮೂಲ ಯಂತ್ರವನ್ನೇ ಹಾಜರುಪಡಿಸದೆ ಪ್ರತಿ ಕೊಡುವಾಗ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರ ಜೊತೆಗಿರಬೇಕು.