ಮುಖನರವೂ ಕಿವಿಯ ಬಳಿಯ ಅಭಿಧಮನಿಯೂ: ಶಸ್ತ್ರಕ್ರಿಯೆಯ ದೃಷ್ಟಿಯಿಂದ

ಮಂಗನಬಾವು ಬಂದಾಗ ಊದಿಕೊಳ್ಳುವ ಪರೋಟಿಡ್ ಗ್ರಂಥಿಯೊಳಗೆ ಮುಖನರ, ರೆಟ್ರೊಮ್ಯಾಂಡಿಬ್ಯುಲರ್ ಅಭಿಧಮನಿ ಮತ್ತು ಬಾಹ್ಯ ಕೆರೋಟಿಡ್ ಅಪಧಮನಿ ಮೂರೂ ಹಾದುಹೋಗುತ್ತವೆ. ಪಠ್ಯಪುಸ್ತಕ ಹೇಳುವ ಕ್ರಮದಲ್ಲಿ ನರ ಚರ್ಮದ ಕಡೆಗೆ, ಅದರಡಿ ಅಭಿಧಮನಿ, ಎಲ್ಲಕ್ಕಿಂತ ಆಳದಲ್ಲಿ ಅಪಧಮನಿ. ಬಹುಪಾಲು ದೇಹಗಳಲ್ಲಿ ಇದು ನಿಜವೂ ಹೌದು. ತೊಡಕಿರುವುದು ಉಳಿದವುಗಳಲ್ಲಿ.

ಕಪಾಲದ ಪಕ್ಕದಿಂದ ಇಳಿಯುವ ಸೂಪರ್‌ಫಿಶಿಯಲ್ ಟೆಂಪೊರಲ್ ಅಭಿಧಮನಿಯೂ ಮ್ಯಾಕ್ಸಿಲರಿ ಅಭಿಧಮನಿಯೂ ಕೂಡಿ ರೆಟ್ರೊಮ್ಯಾಂಡಿಬ್ಯುಲರ್ ಅಭಿಧಮನಿಯಾಗುತ್ತದೆ. ಕೆಳಗೆ ಇದು ಎರಡಾಗಿ ಒಡೆಯುತ್ತದೆ: ಹಿಂದಿನ ಕವಲು ಕಿವಿಯ ಹಿಂಬದಿಯ ಅಭಿಧಮನಿಯನ್ನು ಸೇರಿ ಬಾಹ್ಯ ಜುಗುಲರ್ ಆಗುತ್ತದೆ, ಮುಂದಿನದು ಮುಖದ ಅಭಿಧಮನಿಯನ್ನು ಕೂಡಿಕೊಳ್ಳುತ್ತದೆ. ಕೆಲವರಲ್ಲಿ ಅದು ಒಡೆಯುವುದೇ ಇಲ್ಲ. ಭ್ರೂಣದಲ್ಲಿ ಅಭಿಧಮನಿಗಳು ಮೊದಲು ಬಲೆಯಂತಿದ್ದು, ಬಳಿಕ ಕೆಲವು ಎಳೆಗಳು ಉಳಿದು ಕೆಲವು ಅಳಿಯುತ್ತವೆ. ಉಳಿಯುವ ಎಳೆ ಎಲ್ಲರಲ್ಲೂ ಒಂದೇ ಅಲ್ಲ. ನರದ ಹೊರಬದಿಯ ಎಳೆ ಉಳಿದರೆ ಅಭಿಧಮನಿಯೇ ಮೇಲಾಗುತ್ತದೆ. ಎರಡೂ ಉಳಿದರೆ ಉಂಗುರವಾಗಿ, ನರದ ಕವಲು ಅದರೊಳಗಿಂದ ತೂರಿಬರುತ್ತದೆ.

ಸಾಮಾನ್ಯ ಸಿ.ಟಿ. ಚಿತ್ರದಲ್ಲಿ ಗ್ರಂಥಿಯೊಳಗಿನ ನರ ಕಾಣುವುದಿಲ್ಲ. ಆದ್ದರಿಂದ ಗಡ್ಡೆ ಮೇಲಿನ ಪಾಲಿಯಲ್ಲಿದೆಯೇ ಆಳದಲ್ಲಿದೆಯೇ ಎಂದು ಅಭಿಧಮನಿಯನ್ನು ನೋಡಿ ಊಹಿಸುವುದು ವಾಡಿಕೆ. ಊಹೆ ಊಹೆಯೇ. ದೊಡ್ಡ ಗಡ್ಡೆ ಅಭಿಧಮನಿಯನ್ನೇ ಪಕ್ಕಕ್ಕೆ ತಳ್ಳಿರುತ್ತದೆ.

ದವಡೆಯಂಚಿನ ಕವಲನ್ನು ಮೊದಲು ಹಿಡಿದು ಕಾಂಡದತ್ತ ಹಿಮ್ಮುಖವಾಗಿ ಬಿಡಿಸುವವರಿಗೆ ಅಭಿಧಮನಿ ನರದ ಮೇಲಿರುವ ವ್ಯತ್ಯಾಸ ಹೆಚ್ಚು ಅಪಾಯಕಾರಿ. ನರ ಮೇಲಿದೆ ಎಂಬ ಭರವಸೆಯಲ್ಲಿ ಅಭಿಧಮನಿಯ ಹೊರಮೈಯಲ್ಲೇ ಹುಡುಕಿದರೆ ಅದು ಸಿಗುವುದಿಲ್ಲ. ತೆಳುಗೋಡೆ ಹರಿದು ರಕ್ತ ತುಂಬುತ್ತದೆ. ಆಗ ಕಣ್ಣಿಗೆ ಕಾಣದ ಕಡೆ ಕ್ಲಾಂಪ್ ಹಾಕುವುದೇ ನಿಜವಾದ ಅನಾಹುತ. ಬೆರಳಿನಿಂದ ಒತ್ತಿ ಕಾಯುವುದು ಲೇಸು. ಉಂಗುರ ಸಿಕ್ಕಿದಲ್ಲಿ ನರವನ್ನು ಎಳೆಯದೆ, ಅಭಿಧಮನಿಯ ಹೊರ ಎಳೆಯನ್ನು ಎರಡೂ ಕಡೆ ಕಟ್ಟಿ ಕತ್ತರಿಸಬೇಕು. ಕೆಳದವಡೆಯ ಕಾಂಡೈಲ್ ಮುರಿತಕ್ಕೆ ಹಿಂದಿನಿಂದ ಹೋಗುವವರಿಗೂ ಈ ಮಾತು ಸಲ್ಲುತ್ತದೆ.

ನರಕಾಂಡವನ್ನು ಹುಡುಕಲು ಟಿಂಪನೊಮ್ಯಾಸ್ಟಾಯ್ಡ್ ಸಂದು, ಡೈಗ್ಯಾಸ್ಟ್ರಿಕ್ ಸ್ನಾಯುವಿನ ಹಿಂಭಾಗ ಇವೇ ಹೆಚ್ಚು ನೆಚ್ಚಬಹುದಾದ ಗುರುತುಗಳು. ಮೂಳೆ ಅಭಿಧಮನಿಯಷ್ಟು ಚಂಚಲವಲ್ಲ. ಶಸ್ತ್ರಕ್ರಿಯೆಯ ಟಿಪ್ಪಣಿಯಲ್ಲಿ ‘ನರ ಉಳಿಸಲಾಗಿದೆ’ ಎಂದಷ್ಟೇ ಬರೆದು ಮುಗಿಸದೆ, ಅಭಿಧಮನಿ ಅದರ ಮೇಲಿತ್ತೋ ಕೆಳಗಿತ್ತೋ ಎಂಬ ಒಂದು ಸಾಲನ್ನೂ ಸೇರಿಸಬೇಕೆಂದು ಸಹೋದ್ಯೋಗಿಗಳಲ್ಲಿ ಕೋರುತ್ತೇನೆ.