ಉತ್ತರ ಸೀಮೆಯ ಮಗಳು

ಕಾಡು ಕಡಿದು ನಾಡು ಮಾಡಿದವರ ಕಥೆಯನ್ನು ಇತಿಹಾಸ ಬಹು ಆದರದಿಂದ ಹೇಳುತ್ತ ಬಂದಿದೆ. ಅಂಥವರ ಮನೆಯಲ್ಲೇ ಬೆಳೆದು, ಕಾಡು ಕಾಡಾಗಿಯೇ ಉಳಿಯಲಿ ಎಂದು ಬಾಳು ಸವೆಸಿದವರ ಕಥೆ ಮಾತ್ರ ಅಷ್ಟು ಸುಲಭವಾಗಿ ಕಿವಿಗೆ ಬೀಳುವುದಿಲ್ಲ. ಅಲಾಸ್ಕದ ಮಾರ್ಗರೆಟ್ ಮ್ಯೂರಿ ಅಂಥವರಲ್ಲಿ ಒಬ್ಬಳು. ಆಕೆಯನ್ನು ಕುರಿತು ನಾಲ್ಕು ಮಾತು ಹೇಳುವುದು ಇಂದಿನ ನನ್ನ ಉದ್ದೇಶ.

1902ರಲ್ಲಿ ಫೆಲಿಕ್ಸ್ ಪೆಡ್ರೊ ಎಂಬ ಇಟಲಿಯ ವಲಸೆಗಾರ ಅಲಾಸ್ಕದ ನಡುನಾಡಿನ ತಾನಾನಾ ಕಣಿವೆಯ ಬೆಟ್ಟಗಳಲ್ಲಿ ಚಿನ್ನ ಕಂಡ. ಸುದ್ದಿ ಹಬ್ಬಿತು, ಜನ ಮುಗಿಬಿದ್ದರು. ಹೊಳೆಯ ದಂಡೆಯಲ್ಲಿದ್ದ ಒಂದು ವ್ಯಾಪಾರದ ಬಿಡಾರವೇ ಫೇರ್‌ಬ್ಯಾಂಕ್ಸ್ ಎಂಬ ಪಟ್ಟಣವಾಯಿತು. ಅದೇ ವರ್ಷದ ಆಗಸ್ಟ್ 18ರಂದು ದೂರದ ಸಿಯಾಟಲ್‌ನಲ್ಲಿ ಮಾರ್ಗರೆಟ್ ಹುಟ್ಟಿದಳು. ಚಿನ್ನದ ಊರಿಗೂ ಆಕೆಗೂ ಹೆಚ್ಚು ಕಡಿಮೆ ಒಂದೇ ವಯಸ್ಸು. ಮಲತಂದೆಗೆ ಫೇರ್‌ಬ್ಯಾಂಕ್ಸ್‌ನಲ್ಲಿ ಸರ್ಕಾರಿ ವಕೀಲಿಕೆಯ ಕೆಲಸ ದೊರೆತುದರಿಂದ, 1911ರಲ್ಲಿ ಒಂಬತ್ತರ ಆ ಬಾಲೆ ತಾಯಿಯೊಡನೆ ಅಲ್ಲಿಗೆ ಬಂದಳು. ವಾಸಕ್ಕೆ ಮರದ ದಿಮ್ಮಿಗಳ ಪುಟ್ಟ ಮನೆ. ಚಳಿಗಾಲ ಬಂದು ನದಿ ಹೆಪ್ಪುಗಟ್ಟಿತೆಂದರೆ ಆವಿದೋಣಿಗಳು ನಿಂತುಹೋಗುತ್ತಿದ್ದವು. ಹೊರಜಗತ್ತಿಗೆ ಉಳಿದಿದ್ದದ್ದು ನಾಯಿಗಳೋ ಕುದುರೆಗಳೋ ಎಳೆಯುವ ಜಾರುಬಂಡಿಯ ಹಾದಿಯೊಂದೇ. ಅಂಥ ಊರಿನಲ್ಲಿ ನೆರೆಹೊರೆಯೆಂಬುದು ಸೌಜನ್ಯದ ಮಾತಲ್ಲ, ಜೀವದ ಆಸರೆ. ಆಕೆಯ ಮುಂದಿನ ಬಾಳಿನ ಗಟ್ಟಿತನಕ್ಕೆ ಬುನಾದಿ ಬಿದ್ದದ್ದು ಇಲ್ಲಿ.

1924ರಲ್ಲಿ ಅಲಾಸ್ಕದ ಕೃಷಿ ಮತ್ತು ಗಣಿ ಕಾಲೇಜಿನಿಂದ ಪದವಿ ಪಡೆದ ಮೊದಲ ಮಹಿಳೆ ಈಕೆಯೇ. ಮುಂದೆ ಅಲಾಸ್ಕ ವಿಶ್ವವಿದ್ಯಾಲಯವಾಗಿ ಬೆಳೆದ ಸಂಸ್ಥೆ ಅದು. ಅದೇ ಆಗಸ್ಟ್‌ನಲ್ಲಿ, ಯೂಕಾನ್ ನದಿಯ ದಂಡೆಯ ಆನ್ವಿಕ್ ಎಂಬ ಹಳ್ಳಿಯ ಇಗರ್ಜಿಯಲ್ಲಿ, ನಸುಕು ಹರಿಯುವ ಮುನ್ನವೇ ಓಲಾಸ್ ಮ್ಯೂರಿ ಎಂಬ ಜೀವವಿಜ್ಞಾನಿಯೊಡನೆ ಮದುವೆ ನಡೆಯಿತು. ಹಿಮಜಿಂಕೆಗಳ ಜಾತಿಗೆ ಸೇರಿದ ಕ್ಯಾರಿಬೂ ಹಿಂಡುಗಳ ಚಲನವಲನವನ್ನು ಅಭ್ಯಾಸ ಮಾಡುವುದು ಆತನ ವೃತ್ತಿ. ನವದಂಪತಿಗಳ ವಿಹಾರವೂ ಅದೇ ಆಯಿತು: ದೋಣಿಯಲ್ಲಿ, ಆಮೇಲೆ ನಾಯಿಗಳ ಜಾರುಬಂಡಿಯಲ್ಲಿ, ನೂರಾರು ಮೈಲಿಗಳ ಹಿಮಪ್ರಯಾಣ. 1926ರಲ್ಲಿ ಓಲ್ಡ್ ಕ್ರೋ ನದಿಗೆ ಹೋದಾಗ ದೋಣಿಯಲ್ಲಿ ಇನ್ನೂ ವರ್ಷ ತುಂಬದ ಗಂಡುಮಗುವಿತ್ತು. ಸೊಳ್ಳೆಗಳ ಮೋಡದ ನಡುವೆ ಆ ಕೂಸನ್ನು ಕಾಪಾಡುತ್ತ, ಅಡಿಗೆ ಮಾಡುತ್ತ, ಗಂಡನ ಕೆಲಸದಲ್ಲಿ ಕೈಗೂಡಿಸುತ್ತ ಆಕೆ ಬೇಸಿಗೆ ಕಳೆದಳು. ವರದಿಗಳ ಮೇಲೆ ಗಂಡನ ಹೆಸರಿತ್ತು; ಆ ದುಡಿಮೆಯಲ್ಲಿ ಇಬ್ಬರ ಪಾಲಿತ್ತು.

1927ರಲ್ಲಿ ಸಂಸಾರ ವ್ಯೋಮಿಂಗ್ ಪ್ರಾಂತದ ಜ್ಯಾಕ್ಸನ್ ಹೋಲ್ ಕಣಿವೆಗೆ ಬಂದು ನೆಲೆಸಿತಾದರೂ ಆಕೆಯ ಮನಸ್ಸು ಉತ್ತರದತ್ತಲೇ ಮುಖಮಾಡಿತ್ತು. 1956ರ ಬೇಸಿಗೆಯಲ್ಲಿ ದಂಪತಿಗಳು ಕೆಲವು ಕಿರಿಯ ವಿಜ್ಞಾನಿಗಳೊಡನೆ ಈಶಾನ್ಯ ಅಲಾಸ್ಕದ ಶೀನ್‌ಜೆಕ್ ಕಣಿವೆಯಲ್ಲಿ ಬೀಡುಬಿಟ್ಟು, ಆ ಸೀಮೆಯನ್ನು ಮುಟ್ಟದೆ ಉಳಿಸಬೇಕೆಂಬ ವಾದಕ್ಕೆ ಆಧಾರ ಒದಗಿಸಿದರು. ಇದರ ಫಲವಾಗಿ, ಮತ್ತೂ ಹಲವರ ಪ್ರಯತ್ನದಿಂದ, 1960ರ ಡಿಸೆಂಬರ್ 6ರಂದು 89 ಲಕ್ಷ ಎಕರೆಯ ಆರ್ಕ್‌ಟಿಕ್ ವನ್ಯಜೀವಿ ಪ್ರದೇಶ ಘೋಷಿತವಾಯಿತು. 1962ರಲ್ಲಿ ಆಕೆಯ ಆತ್ಮಕಥನ ಹೊರಬಂತು. ಮರುವರ್ಷ ಓಲಾಸ್ ತೀರಿಕೊಂಡ. ಇಬ್ಬರೂ ದುಡಿದಿದ್ದ ವನ್ಯಪ್ರದೇಶ ಕಾಯಿದೆಗೆ 1964ರಲ್ಲಿ ಅಧ್ಯಕ್ಷ ಜಾನ್ಸನ್ ಸಹಿ ಹಾಕಿದಾಗ ಆಕೆ ಒಬ್ಬಳೇ ನಿಂತು ನೋಡಬೇಕಾಯಿತು.

ಅಲ್ಲಿಗೆ ಆಕೆ ಮನೆಯ ಮೂಲೆ ಹಿಡಿಯಲಿಲ್ಲ. 1977ರಲ್ಲಿ ಶಾಸಕರ ಸಮಿತಿಯ ಮುಂದೆ ನಿಂತು, ತಾನು ಭಾವುಕ ಹೆಂಗಸಾಗಿಯೇ ಸಾಕ್ಷಿ ನುಡಿಯುತ್ತಿದ್ದೇನೆ, ಭಾವನೆಯಲ್ಲಿ ದೋಷವೇನು ಎಂಬರ್ಥದ ಪ್ರಶ್ನೆ ಹಾಕಿದಳು. ಅಂಕಿಗಳ ಸಭೆಯಲ್ಲಿ ಅದು ಎದೆಗಾರಿಕೆಯ ಮಾತು. 1980ರ ಅಲಾಸ್ಕ ಭೂಕಾಯಿದೆ 10 ಕೋಟಿ ಎಕರೆಗೂ ಮೀರಿದ ನೆಲಕ್ಕೆ ರಕ್ಷಣೆ ಕೊಟ್ಟಿತು. ಆರ್ಕ್‌ಟಿಕ್ ಧಾಮ ಇಮ್ಮಡಿಗಿಂತ ಹಿಗ್ಗಿತು. 1998ರಲ್ಲಿ ಅಮೆರಿಕದ ಅತ್ಯುನ್ನತ ನಾಗರಿಕ ಗೌರವ ಆಕೆಗೆ ಸಂದಿತು. 2003ರ ಅಕ್ಟೋಬರ್‌ನಲ್ಲಿ ತೀರಿಕೊಂಡಾಗ ವಯಸ್ಸು ನೂರ ಒಂದು.

ಇಲ್ಲಿ ಒಂದು ಎಚ್ಚರದ ಮಾತು ಅವಶ್ಯ. ಮೊದಲಿಗರು ಎನ್ನಿಸಿಕೊಂಡ ಬಿಳಿಯರಿಗಿಂತ ಸಾವಿರಾರು ವರ್ಷ ಮೊದಲೇ ಆ ಸೀಮೆಯಲ್ಲಿ ಬಾಳಿದ ಜನರಿದ್ದಾರೆ. ಗ್ವಿಚಿನ್ ಜನರಿಗೆ ಕ್ಯಾರಿಬೂ ಎಂದರೆ ಅನ್ನ, ಅರಿವೆ, ನಂಬಿಕೆ ಎಲ್ಲವೂ. ಆ ಹಿಂಡುಗಳು ಮರಿ ಹಾಕುವುದು ಧಾಮದ ಕಡಲಂಚಿನ ಬಯಲಿನಲ್ಲಿ. ನೆಲದಡಿಯ ತೈಲದ ಮೇಲೆ ಕಣ್ಣು ನೆಟ್ಟಿರುವವರಿಗೆ ಬೇಕಾದದ್ದೂ ಅದೇ ಬಯಲು. 1980ರ ಕಾಯಿದೆ ಆ ಪ್ರಶ್ನೆಯನ್ನು ಬಗೆಹರಿಸದೆ ಉಳಿಸಿತು. 2017ರಲ್ಲಿ ಅಮೆರಿಕದ ಶಾಸನಸಭೆ ಅದನ್ನು ತೈಲದ ಗುತ್ತಿಗೆಗೆ ತೆರೆಯುವ ಕಾನೂನು ಮಾಡಿತು. ನೋಡುವವನಿಗೆ ಬರಿದಾಗಿ ಕಂಡ ನೆಲ ಬಾಳುವವನಿಗೆ ಎಂದೂ ಬರಿದಲ್ಲ.

ಚಿನ್ನ ಅಗೆಯಲು ಹುಟ್ಟಿದ ಊರಿನಲ್ಲಿ ಬೆಳೆದವಳು, ಅಗೆಯದೆ ಬಿಡುವುದೂ ಒಂದು ಬಗೆಯ ಗಳಿಕೆಯೆಂದು ತಿಳಿದಳು. ಗೆದ್ದದ್ದು ಒಮ್ಮೆಗೇ ಮುಗಿಯುವುದಿಲ್ಲ, ಪ್ರತಿ ತಲೆಮಾರೂ ಮತ್ತೆ ಗೆಲ್ಲಬೇಕು ಎಂಬುದೇ ಆಕೆ ಬಿಟ್ಟುಹೋದ ಆಸ್ತಿ. ಅದರ ಜೊತೆಗೆ ಬರುವ ಹೊರೆಯೂ ಅದೇ.